ಕೇಂದ್ರ ನಾಲ್ಕೋ, ಒಂದೋ?

ಓದುಗರೊಬ್ಬರ ಪತ್ರ: ‘ನೆದರ್ಲೆಂಡ್ಸ್‌ನ ರಾಂಡ್‌ಸ್ಟಾಡ್ ಬಹುಕೇಂದ್ರ ಪ್ರದೇಶಕ್ಕೆ ಮಾದರಿ ಎಂದು ಕಳೆದ ಸಂಚಿಕೆಯ ಲೇಖನ ಹೇಳುತ್ತದೆ. ಎರಡು ಪುಟ ದಾಟಿದರೆ, ಅಲ್ಲಿ ಆಮ್‌ಸ್ಟರ್‌ಡ್ಯಾಮೇ ಕೇಂದ್ರ ಎಂದಿದೆ. ಯಾವುದನ್ನು ನಂಬಬೇಕು? ಎಣಿಸಲು ಬಾರದ್ದನ್ನು ಏಕೆ ಬರೆಯುತ್ತೀರಿ?’

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದೇ. ರಾಂಡ್‌ಸ್ಟಾಡ್ ಎಂದರೆ ಆಮ್‌ಸ್ಟರ್‌ಡ್ಯಾಮ್ ಸೇರಿ ನಾಲ್ಕು ದೊಡ್ಡ ಊರುಗಳ ಪ್ರದೇಶ; ಒಂದಕ್ಕಿಂತ ಹೆಚ್ಚು ಕೇಂದ್ರಗಳಿರುವುದೇ ‘ಬಹುಕೇಂದ್ರ’. ಲೇಖಕರ ಎರಡು ಮಾತೂ ಸರಿ. ಮೊದಲನೆಯದು ಊರುಗಳ ಗಾತ್ರದ ಮಾತು, ಎರಡನೆಯದು ಊರುಗಳ ನಡುವಿನ ನಂಟಿನ ಮಾತು. ಅದನ್ನು ಬಿಡಿಸಿ ಹೇಳಿದ್ದ ಪ್ಯಾರಾವನ್ನು ಪುಟ ಸಾಲದೆಂದು ಕತ್ತರಿಸಿದವನು ನಾನು. ಆ ಬಾಕಿ ಈಗ ತೀರಿಸುತ್ತೇನೆ.

ಗಾತ್ರದ ಲೆಕ್ಕ ಸುಲಭ. ಊರುಗಳನ್ನು ಜನಸಂಖ್ಯೆಯ ಪ್ರಕಾರ ಸಾಲಾಗಿ ನಿಲ್ಲಿಸಿ, ಸ್ಥಾನ ಮತ್ತು ಗಾತ್ರವನ್ನು ಲಾಗರಿದಮ್ ಅಳತೆಯಲ್ಲಿ (ಪ್ರತಿ ಹೆಜ್ಜೆಗೂ ಇಷ್ಟು ಪಟ್ಟು ಎಂದು ಏರುವ ಅಳತೆ) ಗುರುತಿಸಿ ಗೆರೆ ಎಳೆಯುತ್ತಾರೆ. ಗೆರೆ ಕಡಿದಾಗಿ ಇಳಿದರೆ ಒಂದೇ ಊರು ಉಳಿದವನ್ನು ನುಂಗಿದೆ ಎಂದರ್ಥ. ಮೆಲ್ಲಗೆ ಇಳಿದರೆ ಸರಿಸುಮಾರು ಸಮಬಲದ ಊರುಗಳಿವೆ. ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಹೇಗ್, ಉಟ್ರೆಕ್ಟ್, ಇವುಗಳ ನಡುವೆ ‘ಹಸಿರು ಹೃದಯ’ ಎಂದು ಕರೆಯುವ ಹುಲ್ಲುಗಾವಲು: ಇಲ್ಲಿ ಯಾವ ಊರೂ ಉಳಿದವನ್ನು ನುಂಗಿಲ್ಲ. ಜರ್ಮನಿಯ ರೈನ್-ರೂರ್ ಕೂಡ ಹಾಗೆಯೇ. ಗೆರೆಗೆ ನಾಲ್ಕು ಊರು ಸೇರಿಸಿದರೆ ಒಂದು ಇಳಿಜಾರು, ಹತ್ತು ಸೇರಿಸಿದರೆ ಇನ್ನೊಂದು ಬರಬಹುದು ಎಂಬುದನ್ನು ಮಾತ್ರ ಮರೆಯಬಾರದು.

ನಂಟಿನ ಲೆಕ್ಕವೇ ಸ್ವಾರಸ್ಯದ್ದು. ಅ, ಬ, ಕ ಎಂಬ ಮೂರು ಊರುಗಳು, ತಲಾ ಐದು ಲಕ್ಷ ಜನ ಎಂದಿಟ್ಟುಕೊಳ್ಳಿ. ಬೆಳಗಾದರೆ ಬ-ದಿಂದಲೂ ಕ-ದಿಂದಲೂ ತಲಾ 50,000 ಜನ ಅ-ಗೆ ಕೆಲಸಕ್ಕೆ ಬರುತ್ತಾರೆ. ಅ-ದಿಂದ ಬ-ಗೂ ಕ-ಗೂ ಹೋಗುವವರು ತಲಾ 2,000. ಗಾತ್ರ ನೋಡಿದರೆ ಕೇಂದ್ರ ಮೂರು, ರೈಲು ನಿಲ್ದಾಣದಲ್ಲಿ ನಿಂತು ನೋಡಿದರೆ ಒಂದೇ. ಈಗ ಪ್ರತಿ ಊರಿನಿಂದ ಉಳಿದೆರಡಕ್ಕೂ ತಲಾ 25,000 ಜನ ಹೋಗುತ್ತಾರೆ ಎನ್ನಿ. ಪ್ರತಿಯೊಂದಕ್ಕೂ 50,000 ಜನ ಬಂದಂತಾಯಿತು, ಕೇಂದ್ರ ನಿಜವಾಗಿಯೂ ಮೂರು. ಆದರೆ 25,000ದ ಜಾಗದಲ್ಲಿ 50 ಎಂದು ಬರೆದರೂ ಸಮತೋಲ ಅಷ್ಟೇ ಪಕ್ಕಾ! ಒಂದಕ್ಕೊಂದು ಗೊಡವೆಯೇ ಇಲ್ಲದ ಮೂರು ಊರುಗಳಿಗೆ ಪೂರ್ತಿ ಅಂಕ. ಈ ಎಡವಟ್ಟನ್ನು ತಪ್ಪಿಸಲೆಂದೇ ಸಂಶೋಧಕ ನಿಕ್ ಗ್ರೀನ್ 2007ರಲ್ಲಿ ಮಂಡಿಸಿದ ಸೂತ್ರ, ಸಮತೋಲದ ಅಂಕವನ್ನು ಜಾಲದ ಸಾಂದ್ರತೆಯಿಂದ ಗುಣಿಸುತ್ತದೆ. ಸಾಧ್ಯವಿದ್ದ ಸಂಪರ್ಕದಲ್ಲಿ ನಡೆದದ್ದೆಷ್ಟು ಎಂಬುದೇ ಆ ಸಾಂದ್ರತೆ.

ನಂಟು ಎಂದರೆ ಉದ್ಯೋಗಕ್ಕೆ ಹೋಗಿಬರುವುದೊಂದೇ ಅಲ್ಲ. ನಗರ ಅಧ್ಯಯನಕಾರರಾದ ಪೀಟರ್ ಹಾಲ್ ಮತ್ತು ಕ್ಯಾಥಿ ಪೇನ್ ಮುಂದಾಳತ್ವದ ಅಧ್ಯಯನ ವಾಯವ್ಯ ಯುರೋಪಿನ ಎಂಟು ನಗರ ಪ್ರದೇಶಗಳಲ್ಲಿ ಬ್ಯಾಂಕಿಂಗ್, ಕಾನೂನು, ಲೆಕ್ಕಪತ್ರದಂಥ ಸೇವಾ ಸಂಸ್ಥೆಗಳ ಕಚೇರಿ ಜಾಲವನ್ನು ಅಳೆಯಿತು. ಜಾಗತಿಕ ವ್ಯವಹಾರಕ್ಕೆ ರಾಂಡ್‌ಸ್ಟಾಡ್‌ನ ಹೆಬ್ಬಾಗಿಲು ಆಮ್‌ಸ್ಟರ್‌ಡ್ಯಾಮ್ ಎಂದು ಕಂಡದ್ದು ಹಾಗೆ. ನಿಮ್ಮನ್ನು ರೇಗಿಸಿದ ಎರಡನೆಯ ವಾಕ್ಯದ ಮೂಲ ಇದೇ.

ಒಂದೇ ಮಹಾನಗರದೊಳಗೆ ಎಣಿಸುವಾಗಲೂ ಇದೇ ಪಾಡು. ಲಾಸ್ ಏಂಜಲೀಸ್ ಪ್ರದೇಶದ 1980ರ ಅಂಕಿಅಂಶ ಹಿಡಿದು ಸಂಶೋಧಕರಾದ ಜೂಲಿಯಾನೊ ಮತ್ತು ಸ್ಮಾಲ್ 1991ರಲ್ಲಿ ಗುರುತಿಸಿದ ಉದ್ಯೋಗ ಕೇಂದ್ರಗಳು 32. ಎಕರೆಗೆ ಕನಿಷ್ಠ 10 ಉದ್ಯೋಗ, ಒಟ್ಟು ಕನಿಷ್ಠ 10,000 ಎಂಬುದು ಅವರ ಮಿತಿ. ಮಿತಿ ಏರಿಸಿದರೆ ಕೇಂದ್ರಗಳು ಕರಗುತ್ತವೆ. ಮಿತಿ ಹೇಳದೆ ಎಣಿಕೆ ಮಾತ್ರ ಕೊಡುವ ವರದಿಗಳನ್ನು ನಾನು ಪಕ್ಕಕ್ಕಿಡುತ್ತೇನೆ.

ಇನ್ನೂ ಒಂದು ಕಿರಿಕಿರಿ ಕೇಳಿ. ಐರೋಪ್ಯ ಒಕ್ಕೂಟ ಮತ್ತು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಒಪ್ಪಿರುವ ವ್ಯಾಖ್ಯೆಯಲ್ಲಿ, ಸುತ್ತಲಿನ ಊರಿನ ದುಡಿಯುವವರಲ್ಲಿ ಶೇ 15ರಷ್ಟಾದರೂ ನಗರಕ್ಕೆ ಕೆಲಸಕ್ಕೆ ಹೋಗುತ್ತಿದ್ದರೆ ಆ ಊರು ನಗರದ ವಲಯಕ್ಕೆ ಸೇರುತ್ತದೆ. ಈ ಅಳತೆಗೋಲಿನಲ್ಲಿ ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್‌ಗಳು ಬೇರೆ ಬೇರೆ ವಲಯಗಳು. ಅಂದರೆ ನಿಮ್ಮ ಪ್ರಶ್ನೆಗೆ ಮೂರನೆಯ ಉತ್ತರ: ರಾಂಡ್‌ಸ್ಟಾಡ್ ಒಂದೇ ಪ್ರದೇಶವೇ ಅಲ್ಲ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹೀಗೆ ಬರುತ್ತದೆ: ‘ಜನಸಂಖ್ಯೆಯಲ್ಲಿ ರಾಂಡ್‌ಸ್ಟಾಡ್ ಬಹುಕೇಂದ್ರ, ಅಂತರರಾಷ್ಟ್ರೀಯ ಸೇವಾ ಸಂಸ್ಥೆಗಳ ಜಾಲದಲ್ಲಿ ಆಮ್‌ಸ್ಟರ್‌ಡ್ಯಾಮ್ ಮುಂದು.’ ಪ್ಯಾರಾವೂ ಜೊತೆಗಿರುತ್ತದೆ.

— ಸಂಪಾದಕ