ಫ್ಯಾಷನ್ ಜಾಹೀರಾತುಗಳಲ್ಲಿ ಲಿಂಗ ಮತ್ತು ಜನಾಂಗದ ಪೂರ್ವಗ್ರಹ ಹೇಗೆ ಕಾಣಿಸಿಕೊಳ್ಳುತ್ತದೆ? ಉದಾಹರಣೆ ಇದೆಯೇ?

ಎರಡೂ ಒಟ್ಟಿಗೇ ಬಂದ ಉದಾಹರಣೆ ಬೇಕೆಂದರೆ, 2018ರ ನವೆಂಬರ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಡೋಲ್ಚೆ ಅಂಡ್ ಗಬ್ಬಾನಾ ಚೀನಾದ ಜನರಿಗೆಂದು ಬಿಟ್ಟ ವಿಡಿಯೊಗಳನ್ನು ನೋಡಬೇಕು. ಶಾಂಘೈನಲ್ಲಿ ನಡೆಯಬೇಕಿದ್ದ ದೊಡ್ಡ ಫ್ಯಾಷನ್ ಷೋಗೆ ಅವು ಪ್ರಚಾರ. ಮಿರಿಮಿರಿ ಮಿಂಚುವ ಕೆಂಪು ಉಡುಪಿನ ಚೀನೀ ರೂಪದರ್ಶಿ ಚಾಪ್‌ಸ್ಟಿಕ್ ಹಿಡಿದು ಪಿಜ್ಜಾ, ಸ್ಪಾಗೆಟ್ಟಿ ತಿನ್ನಲು ಒದ್ದಾಡುತ್ತಾಳೆ, ಕಿಸಿಕಿಸಿ ನಗುತ್ತಾಳೆ. ಹಿನ್ನೆಲೆಯಲ್ಲಿ ಗಂಡಸಿನ ದನಿಯೊಂದು ತಿನ್ನುವ ಬಗೆ ಹೇಳಿಕೊಡುತ್ತದೆ. ಕನೋಲಿ ಎಂಬ ಸಿಹಿತಿಂಡಿ ಬಂದಾಗ ‘ನಿನಗಿದು ತೀರಾ ದೊಡ್ಡದಾಯಿತೇ?’ ಎಂಬ ದ್ವಂದ್ವಾರ್ಥದ ಮಾತು ಬೇರೆ!

ಇಲ್ಲಿ ಯಾರೂ ಯಾರನ್ನೂ ಬೈದಿಲ್ಲ, ಅದೇ ಇದರ ಕಿಲಾಡಿತನ. ಕಲಿಸುವವನು ಗಂಡು, ತಟ್ಟೆಯಲ್ಲಿರುವುದು ಇಟಲಿಯ ಊಟ. ಏನೂ ತಿಳಿಯದೆ ನಾಚುವವಳು ಏಷ್ಯಾದ ಹೆಣ್ಣು. ಶಾಂಘೈಯಂಥ ಮಹಾನಗರದವರಿಗೆ ಪಿಜ್ಜಾ ತಿನ್ನಲು ಬಾರದೇ ಎಂದು ಆ ತಂಡದಲ್ಲಿ ಒಬ್ಬರೂ ಕೇಳಲಿಲ್ಲವಲ್ಲ ಎನ್ನುವುದೇ ನನಗೆ ಸೋಜಿಗ. ಕಂಪನಿಯ ಇಬ್ಬರು ಸಂಸ್ಥಾಪಕರಲ್ಲಿ ಒಬ್ಬರಾದ ಗಬ್ಬಾನಾ ಅವರ ಇನ್‌ಸ್ಟಾಗ್ರಾಂ ಖಾತೆಯಿಂದ ಹೋದ, ಚೀನಾವನ್ನು ಹೀಗಳೆಯುವ ಸಂದೇಶಗಳು ಉರಿಯುವ ಬೆಂಕಿಗೆ ತುಪ್ಪ ಸುರಿದವು. ಖಾತೆ ಹ್ಯಾಕ್ ಆಗಿತ್ತು ಎಂದಿತು ಕಂಪನಿ. ಷೋ ರದ್ದಾಯಿತು, ಚೀನಾದ ಆನ್‌ಲೈನ್ ಅಂಗಡಿಗಳು ಅವರ ಸರಕನ್ನೇ ತೆಗೆದುಹಾಕಿದವು. ಸಂಸ್ಥಾಪಕರಿಬ್ಬರೂ ವಿಡಿಯೊದಲ್ಲಿ ಕ್ಷಮೆ ಕೇಳಿದರು.

ಬರೀ ಲಿಂಗದ ವಿಷಯಕ್ಕೆ ಬಂದರೆ, 2016ರಲ್ಲಿ ಗ್ಯಾಪ್ ಕಂಪನಿಯ ಮಕ್ಕಳ ಬಟ್ಟೆಯ ಜಾಹೀರಾತು ಹುಡುಗನನ್ನು ‘ಪುಟ್ಟ ವಿದ್ವಾಂಸ’ ಎಂದಿತು, ಹುಡುಗಿಯನ್ನು ‘ಸೋಷಿಯಲ್ ಬಟರ್‌ಫ್ಲೈ’, ಅಂದರೆ ಎಲ್ಲರೊಡನೆ ಬೆರೆತು ಹರಟುವವಳು. (ವಿದ್ವಾಂಸನ ಟೀಶರ್ಟ್ ಮೇಲೆ ಐನ್‌ಸ್ಟೈನ್ ಹೆಸರಿನ ಸ್ಪೆಲ್ಲಿಂಗೇ ತಪ್ಪಾಗಿತ್ತು.) ಹಾನಿ ಮಾಡುವಂಥ ಇಂಥ ಲಿಂಗ ಪೂರ್ವಗ್ರಹದ ಜಾಹೀರಾತುಗಳನ್ನು ಬ್ರಿಟನ್ 2019ರ ಜೂನ್‌ನಿಂದ ನಿಯಮ ತಂದು ನಿಷೇಧಿಸಿದೆ.