ಮೂರನೇ ಪುಟದಲ್ಲಿ ಒಂದು ನಾಲ್ಕು ಬಿಟ್ಟುಹೋಗಿದೆ

ನಮಸ್ಕಾರ.

ಚದುರಂಗದ ಮಣೆಯ ಮೊದಲ ಮನೆಗೆ ಒಂದು ಭತ್ತದ ಕಾಳು, ಮುಂದಿನದಕ್ಕೆ ಎರಡು, ಅದರಾಚೆಗೆ ನಾಲ್ಕು, ಹೀಗೆ ದುಪ್ಪಟ್ಟು ಮಾಡುತ್ತಾ 64 ಮನೆ ತುಂಬಿದರೆ ಆಗುವ ಮೊತ್ತ 18446744073709551615. ಇದರ ಬಗ್ಗೆ ನೀವು ಮಂಡ್ಯದಿಂದ ಕಳಿಸಿದ ಆರು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಬೇಡಿ ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೂರನೇ ಪುಟದಲ್ಲಿ ಒಂದು 4 ಬಿಟ್ಟುಹೋಗಿ ಸಂಖ್ಯೆ 19 ಅಂಕಿಗೆ ಇಳಿದಿದೆ. ನನ್ನ ಕಣ್ಣಿಗೆ ಅದು ಬೀಳಲಿಲ್ಲ, ಅಂಕಿಗಳನ್ನು ಕೂಡಿದಾಗ ಗೊತ್ತಾಯಿತು. 87 ಬರಬೇಕಾದಲ್ಲಿ 83 ಬಂತು. 83 ಮೂರರಿಂದ ಭಾಗವಾಗುವುದಿಲ್ಲ. ನಿಮ್ಮ ಸಂಖ್ಯೆ ಭಾಗವಾಗುತ್ತದೆ ಅಂತ ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ.

ಬರೆದಿದ್ದೀರಿ, ಯಾಕೆ ಅಂತ ಹೇಳಿಲ್ಲ. ನನ್ನ ದೊಡ್ಡ ತಕರಾರು ಇದೇ. ಒಂದಕ್ಕೊಂದು ಗುಣಿಸಿದರೆ ನಿಮ್ಮ ಸಂಖ್ಯೆ ಕೊಡುವ 3, 5, 17, 257, 641, 65537, 6700417 ಅಂತ ಏಳು ಅವಿಭಾಜ್ಯ ಸಂಖ್ಯೆಗಳನ್ನು ದಿನಸಿ ಚೀಟಿಯ ಹಾಗೆ ಕೊಟ್ಟು ಮುಂದೆ ಹೋಗಿಬಿಟ್ಟಿದ್ದೀರಿ. ಮಣೆಯನ್ನೇ ನೋಡಿ. ಮೊದಲೆರಡು ಮನೆಯ ಕಾಳು ಸೇರಿದರೆ 3, ಮುಂದಿನೆರಡು 12, ಆಮೇಲೆ 48. ಎಲ್ಲವೂ ಮೂರರ ಮಗ್ಗಿಯವೇ. 64 ಮನೆಗೆ ಸರಿಯಾಗಿ 32 ಜೋಡಿ. ನಾಲ್ಕು ಮನೆ ಸೇರಿಸಿದರೆ 15, ಅಲ್ಲಿಗೆ 5 ಸಿಕ್ಕಿತು. ಎಂಟು ಮನೆಯ ಒಂದು ಸಾಲಿಗೆ 255, ಅಂದರೆ 3, 5, 17ರ ಗುಣಲಬ್ಧ. ಎರಡು ಸಾಲಾದರೆ 257 ಬಂದು ಸೇರುತ್ತದೆ, ನಾಲ್ಕು ಸಾಲಿಗೆ 65537. ಇಡೀ ಮಣೆಗೆ ಬಂದಾಗ ಎದುರಾಗುವುದು 4294967297. ಗಣಿತಜ್ಞ ಫರ್ಮಾ ಅವಿಭಾಜ್ಯವೆಂದು ನಂಬಿದ್ದ ಸಂಖ್ಯೆ ಇದು. 641ರಿಂದ ಭಾಗವಾಗುತ್ತದೆಂದು 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ತೋರಿಸಿದ. ನಿಂತು ಹೇಳಬೇಕಾದ ಜಾಗ ಅದು. ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ.

ವರ ಬೇಡಿದ ಪಂಡಿತ, ಬೆಪ್ಪಾದ ರಾಜ, ಆ ಮೊದಲ ಪುಟ ಪೂರ್ತಿ ತೆಗೆಯಿರಿ. ‘ಅದ್ಭುತ’ ಹನ್ನೊಂದು ಕಡೆ ಇದೆ, ಒಂದೂ ಬೇಡ. ಸಾವಿರ ಕಾಳು 25 ಗ್ರಾಂ ಅಂತ ಹಿಡಿದು ಸುಮಾರು 46 ಸಾವಿರ ಕೋಟಿ ಟನ್ ಅಂತ ಲೆಕ್ಕ ಹಾಕಿದ್ದೀರಲ್ಲ, ಅದು ಸರಿಯಾಗಿದೆ, ಇರಲಿ.

ಇನ್ನು ಕೊನೆಯ ಪುಟದ ಆ ಒಂದು ಸಾಲು. ಕಣದಲ್ಲಿ ಭತ್ತ ಅಳೆಯುವಾಗ ನಿಮ್ಮ ತಂದೆಯವರು ಮೊದಲ ಕೊಳಗಕ್ಕೆ ‘ಒಂದು’ ಅನ್ನದೆ ‘ಲಾಭ’ ಅನ್ನುತ್ತಾರೆ, ಆಮೇಲೆ ಎರಡು, ಮೂರು. ಇದನ್ನು ಓದಿ ಪೆನ್ನು ಕೆಳಗಿಟ್ಟೆ. ನಮ್ಮ ಮನೆಯ ಕಣದಲ್ಲೂ ಹಾಗೇ ಎಣಿಸುತ್ತಿದ್ದರು. ಲೇಖನ ಅಲ್ಲಿಂದ ಶುರುವಾಗಲಿ. ಮೊದಲ ಮನೆಗೆ ಇನ್ನೊಂದೇ ಒಂದು ಕಾಳು ಹೆಚ್ಚಿಗೆ ಹಾಕಿ, ಅದನ್ನು ಲಾಭ ಅನ್ನಿ. ಆಗ ಅಲ್ಲಿ 2. ಎರಡನೇ ಮನೆಯ 2 ಸೇರಿ 4, ಮೂರನೆಯದರ 4 ಸೇರಿ 8. ಪ್ರತಿ ಮನೆಗೂ ಮೊತ್ತ ದುಪ್ಪಟ್ಟಾಗುತ್ತಾ ಹೋಗಿ ಕೊನೆಗೆ 64 ಎರಡುಗಳನ್ನು ಒಂದಕ್ಕೊಂದು ಗುಣಿಸಿದಷ್ಟು ಬರುತ್ತದೆ. ಆ ಲಾಭದ ಕಾಳು ವಾಪಸು ತೆಗೆದರೆ ನಿಮ್ಮ ಸಂಖ್ಯೆ.

ಮೂರು ಪುಟ ಸಾಕು. ಸಂಕ್ರಾಂತಿಯೊಳಗೆ ಮೈಸೂರಿಗೆ ತಲುಪಿಸಿ. ಬಿಟ್ಟುಹೋದ 4 ಅನ್ನು ನಾನು ತಿದ್ದಿಲ್ಲ, ಅಂಕಿ ಕೂಡಿ ನೋಡಿ ನೀವೇ ಹುಡುಕಿ.