ಬೇರೆಯವರ ಚಿತ್ರ ಕತ್ತರಿಸಿ ಅಂಟಿಸಿದರೆ ಅದು ಸ್ವಂತ ಕಲೆ ಹೇಗಾಗುತ್ತದೆ?

ಪತ್ರಿಕೆಯ ಫೋಟೊಗಳನ್ನು ಕತ್ತರಿಸಿ ಅಂಟಿಸುವ ಕೊಲಾಜ್‌ನಲ್ಲಿ ಕಲಾವಿದರ ಸ್ವಂತದ್ದು ಏನಿದೆ ಎಂದು ಕೇಳಿದ್ದೀರಿ. ಯಾವ ತುಂಡನ್ನು ಎತ್ತಿಕೊಂಡರು, ಅದನ್ನು ಯಾವುದರ ಪಕ್ಕ ಇಟ್ಟರು ಎನ್ನುವುದು ಸ್ವಂತದ್ದು. ಒಂದು ದೊಡ್ಡ ಕೃತಿಗೆ ಅಷ್ಟು ಸಾಕು ಎಂದು ನಾನು ದೃಢವಾಗಿ ನಂಬುತ್ತೇನೆ.

ಬರ್ಲಿನ್ನಿನ ಹಾನಾ ಹೋಖ್ 1919–20ರಲ್ಲಿ ಮಾಡಿದ ಒಂದು ಕೊಲಾಜ್ ಇದೆ. ಅಡುಗೆಮನೆಯ ಚಾಕುವಿನ ಪ್ರಸ್ತಾಪದಿಂದಲೇ ಶುರುವಾಗುವ ಉದ್ದನೆಯ ಹೆಸರು ಅದರದು. ಆಗ ಆಕೆ ಉಲ್‌ಸ್ಟೈನ್ ಪ್ರಕಾಶನ ಸಂಸ್ಥೆಯಲ್ಲಿ ಕಸೂತಿ, ಹೆಣಿಗೆಯ ವಿನ್ಯಾಸಗಳನ್ನು ರಚಿಸುತ್ತಿದ್ದರು. ಸಚಿತ್ರ ಪತ್ರಿಕೆಗಳ ನಡುವೆಯೇ ಅವರ ಕೆಲಸ. ಆ ಕೊಲಾಜ್‌ನಲ್ಲಿ, ಪಟ್ಟ ಕಳೆದುಕೊಂಡ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್‌ನ ಮೀಸೆಯ ಜಾಗದಲ್ಲಿ ಇಬ್ಬರು ಕುಸ್ತಿಪಟುಗಳಿದ್ದಾರೆ. ಕಲಾವಿದೆ ಕೇಥೆ ಕೋಲ್‌ವಿಟ್ಸ್ ಅವರ ತಲೆ ಒಬ್ಬ ನರ್ತಕಿಯ ದೇಹದ ಮೇಲೆ ತೇಲುತ್ತಿದೆ. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಬಲಭಾಗದ ಕೆಳಮೂಲೆ. ಮಹಿಳೆಯರು ಮತ ಹಾಕಬಹುದಾದ ಯುರೋಪಿನ ದೇಶಗಳನ್ನು ತೋರಿಸುವ ನಕ್ಷೆಯೊಂದು ಅಲ್ಲಿದೆ. ಅದರ ಅಂಚಿನಲ್ಲಿ ಹೋಖ್ ತಮ್ಮದೇ ಪುಟ್ಟ ಮುಖವನ್ನು ಅಂಟಿಸಿದ್ದಾರೆ. ಜರ್ಮನಿಯ ಮಹಿಳೆಯರು ರಾಷ್ಟ್ರೀಯ ಚುನಾವಣೆಯಲ್ಲಿ ಮೊದಲು ಮತ ಹಾಕಿದ್ದು 1919ರ ಜನವರಿಯಲ್ಲಿ. ನಕ್ಷೆ ಒಂದು ಸುದ್ದಿ, ಮುಖ ಒಂದು ಫೋಟೊ. ಎರಡೂ ಒಂದಕ್ಕೊಂದು ತಾಗಿದಾಗ ಒಬ್ಬ ಹೆಣ್ಣು ದೇಶದ ರಾಜಕೀಯದಲ್ಲಿ ತನ್ನ ಜಾಗ ಇದು ಎಂದು ಹೇಳಿದಂತಾಯಿತು. ಆ ಮಾತು ನಕ್ಷೆ ಬರೆದವರದೂ ಅಲ್ಲ, ಫೋಟೊ ತೆಗೆದವರದೂ ಅಲ್ಲ.

ನೀವೇ ಮಾಡಿ ನೋಡಿ, ಆಗ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹಳೆಯ ಕ್ಯಾಲೆಂಡರ್, ಮದುವೆಯ ಕರೆಯೋಲೆ, ಬಸ್ ಟಿಕೆಟ್ ಯಾವುದಾದರೂ ಆದೀತು. ತುಂಡುಗಳನ್ನು ಅಂಟಿಸದೆ ಹರಡಿ, ಜಾಗ ಬದಲಿಸುತ್ತ ಹೋಗಿ. ನಾನು ರಾತ್ರಿಯೆಲ್ಲ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ನೋಡುತ್ತೇನೆ. ಕತ್ತರಿಯ ಅಂಚು ಖಚಿತವಾಗಿರುತ್ತದೆ. ಕೈಯಲ್ಲಿ ಹರಿದರೆ ಮುದ್ರಣದ ಕೆಳಗಿನ ಬಿಳಿ ನಾರು ಹೊರಬಂದು, ಇದನ್ನು ಎಲ್ಲಿಂದಲೋ ಕಿತ್ತು ತರಲಾಗಿದೆ ಎಂದು ನೋಡುವವರಿಗೆ ಗೊತ್ತಾಗುತ್ತದೆ. ಎರಡರಲ್ಲಿ ಯಾವುದು ಬೇಕು ಎಂಬುದೂ ಅರ್ಥದ ಪ್ರಶ್ನೆಯೇ.

ಮೈದಾ ಅಂಟು ಬಳಸುವುದಾದರೆ ತೆಳ್ಳಗೆ ಸವರಿ, ಕಾಗದ ನೆನೆದು ಹಿಗ್ಗಲು ಒಂದಿಷ್ಟು ಹೊತ್ತು ಬಿಟ್ಟು ಆಮೇಲೆ ಅಂಟಿಸಿ, ಸುಕ್ಕು ಕಡಿಮೆಯಾಗುತ್ತದೆ. ಸುದ್ದಿಪತ್ರಿಕೆಯ ಕಾಗದ ಬಿಸಿಲಿಗೆ ಬೇಗ ಹಳದಿಯಾಗುತ್ತದೆ, ಹಾಗಾಗಿ ಮುಗಿದ ಕೆಲಸವನ್ನು ಕಿಟಕಿಯ ಎದುರು ತೂಗುಹಾಕಬೇಡಿ.